ಎದುರು ಮನೆಯ ಆ-ಸಿಮ್

ಮೊನ್ನೆ ಭಾನುವಾರ ಇಸ್ತ್ರಿಗೆ ಕೂತ ನನ್ನ ಹೆಂಡತಿ ಶಾರದ, ನನ್ನ ಬಿಳಿ ಅಂಗಿಯ ಜೇಬಿಗೆ ಬೆರಳು ಹಾಕಿ ಗೇಣುದ್ದದ ಒಂದು ಕೆಂಪು ದಾರ ಹೊರಗೆಳೆದಳು. ಅದರ ಜೊತೆಗೆ, ಬಟ್ಟೆ ಒಗೆಯುವ ಮೆಷಿನ್ನಿನಲ್ಲಿ ಕರಗಿಹೋಗಿ ಬರೀ ಕಾಗದವಾಗಿ ಉಳಿದಿದ್ದ ಒಂದು ಪೆಪ್ಪರ್‌ಮೆಂಟು.

“ಏನ್ರೀ ಇದು? ಮನೆಗೆ ಬರೋ ಮುಂಚೆ ಎಸೀಬೇಕಿತ್ತಲ್ವಾ ಇದನ್ನ?”

“ಹೂಂ.”

“ಮತ್ತೆ?”

“ಮರೆತುಹೋಯ್ತು.”

ಮರೆತಿರಲಿಲ್ಲ. ಮೂವತ್ತು ವರ್ಷ ನನ್ನ ಜೊತೆ ಬಾಳಿದವಳಿಗೆ ಅದು ತಿಳಿಯದೆ ಇರುತ್ತದೆಯೇ? ಅವಳು ದಾರವನ್ನು ಬೆರಳಿಗೆ ಸುತ್ತಿ, ಸುರುಳಿ ಮಾಡಿ, ಫ್ರಿಜ್ಜಿನ ಮೇಲಿಟ್ಟು ಮುಂದಿನ ಅಂಗಿ ಎತ್ತಿಕೊಂಡಳು. ಅದು ಇನ್ನೂ ಅಲ್ಲೇ ಇದೆ.

ಇಲ್ಲಿ ಸಿಂಗಪುರದಲ್ಲಿ ಚೀನೀಯರ ಮನೆಯಲ್ಲಿ ಸಾವಾದರೆ ಬ್ಲಾಕಿನ ಕೆಳಗೆ, ಕಂಬಗಳ ನಡುವೆ ಖಾಲಿ ಬಿಟ್ಟಿರುವ ವಾಯ್ಡ್ ಡೆಕ್ಕಿನಲ್ಲಿ, ಶವದ ಪೆಟ್ಟಿಗೆ ಇಟ್ಟು ಮೂರೋ ಐದೋ ದಿನ ಕೂರುತ್ತಾರೆ. ನೋಡಲು ಬಂದವರಿಗೆ ದುಂಡು ಮೇಜು, ಕಡಲೆಕಾಯಿ, ಪೊಟ್ಟಣದಲ್ಲಿ ತಣ್ಣನೆಯ ಪಾನಕ. ಹೊರಡುವಾಗ ಒಂದು ಪೆಪ್ಪರ್‌ಮೆಂಟು, ಒಂದು ಕೆಂಪು ದಾರ. ಅಶುಭ ಬೆನ್ನು ಹತ್ತದಿರಲಿ ಎಂದು ದಾರವನ್ನು ಬೆರಳಿಗೆ ಸುತ್ತಿಕೊಂಡು, ಮನೆ ಸೇರುವ ಮುಂಚೆ ಎಲ್ಲಾದರೂ ಬಿಸಾಡಬೇಕು. ಸತ್ತವರ ಮನೆಯವರಿಗೆ ಈ ದಾರವಿಲ್ಲ. ಅವರ ತೋಳಿಗೆ ಬಟ್ಟೆಯ ಚಿಕ್ಕ ಚೌಕವೊಂದನ್ನು ಪಿನ್ನು ಹಾಕಿ ಸಿಕ್ಕಿಸುತ್ತಾರೆ. ಮಕ್ಕಳಿಗೆ ಕಪ್ಪು, ಮೊಮ್ಮಕ್ಕಳಿಗೆ ನೀಲಿ.

ನನಗೆ ಕೊಟ್ಟದ್ದು ದಾರ. ಅದು ಸರಿಯೇ. ನಾನು ಎದುರು ಮನೆಯವನು, ನನಗೆ ಸೂತಕವಿಲ್ಲ. ಆಫೀಸಿನಲ್ಲಿ ರಜೆಯ ಅರ್ಜಿ ತುಂಬಲು ಹೋದರೆ, ತೀರಿಕೊಂಡವರು ನಿಮಗೆ ಏನಾಗಬೇಕು ಎಂಬಲ್ಲಿ ತಂದೆ, ತಾಯಿ, ಗಂಡ ಅಥವಾ ಹೆಂಡತಿ, ಮಗು ಎಂದು ನಾಲ್ಕೇ ಮನೆಗಳಿದ್ದವು. ಎದುರು ಮನೆ ಇರಲಿಲ್ಲ. ನನ್ನ ಸ್ವಂತ ರಜೆಯಲ್ಲೇ ಎರಡು ದಿನ ಹಾಕಿ, ಕಾರಣ ‘ಮನೆ ಕೆಲಸ’ ಎಂದು ಬರೆದೆ.

ನನ್ನ ವಿಷಯ ಈಗಲೇ ಸ್ವಲ್ಪ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಸಿಂಗಪುರದ ಕನ್ನಡಿಗ ಎಂದ ಕೂಡಲೇ ನೀವು ನನ್ನನ್ನು ಬ್ಯಾಂಕಿನವನೆಂದೋ ಪ್ರೊಫೆಸರ್ ಎಂದೋ ತಿಳಿದುಬಿಡುತ್ತೀರಿ. ನಮ್ಮ ಯುಗಾದಿ ಊಟದಲ್ಲಿ ಪಕ್ಕದ ಎಲೆಯವರು “ತಾವು ಯಾವ ಬ್ಯಾಂಕು ಸಾರ್?” ಎಂದು ಕೇಳುತ್ತಾರೆ. “ಲಿಫ್ಟು” ಎನ್ನುತ್ತೇನೆ. ಅದು ಯಾವ ಹೊಸ ಬ್ಯಾಂಕು ಎಂದು ಅವರು ಒಂದು ಗಳಿಗೆ ಯೋಚಿಸಿ, ಆಮೇಲೆ ಹೋಳಿಗೆಗೆ ತುಪ್ಪ ಕೇಳುತ್ತಾರೆ. ನಾನು ಹೊಸದುರ್ಗದ ಕಡೆಯವನು. ಐಟಿಐ ಓದಿ, ಲಿಫ್ಟ್ ರಿಪೇರಿ ಕಲಿತು ಇಲ್ಲಿಗೆ ಬಂದೆ. ಇಪ್ಪತ್ತಾರು ವರ್ಷದಿಂದ ಈ ಊರಿನ ಜನರನ್ನು ಮೇಲಕ್ಕೂ ಕೆಳಕ್ಕೂ ಸಾಗಿಸುತ್ತಿದ್ದೇನೆ. ನಾನು ಮಾತ್ರ ಇದ್ದಲ್ಲೇ ಇದ್ದೇನೆ.

ಇದ್ದಲ್ಲಿ ಎಂದರೆ ಬಿಶಾನಿನ ಒಂದು ಹಳೆಯ ಬ್ಲಾಕಿನ ಹನ್ನೊಂದನೆಯ ಮಹಡಿ. ನಮ್ಮ ಬಾಗಿಲಿಗೆ ಎದುರಾಗಿ ಆಂಟಿಯ ಬಾಗಿಲು. ಇಲ್ಲಿ ಎಲ್ಲ ಹೆಂಗಸರೂ ಆಂಟಿಯೇ. ಕಾಫಿ ಅಂಗಡಿಯವಳು ಆಂಟಿ, ಮೆಟ್ಟಿಲು ಗುಡಿಸುವವಳು ಆಂಟಿ, ಎಂಆರ್‌ಟಿ ರೈಲಿನಲ್ಲಿ ಕಾಲು ತುಳಿದವಳು ಆಂಟಿ. ಹಾಗಾಗಿ ಹನ್ನೊಂದು ವರ್ಷ ಎದುರುಬದುರು ಬಾಳಿದರೂ ನಾನು ಅವರ ಹೆಸರು ಕೇಳಿರಲಿಲ್ಲ. ಅವರು ಹೋದ ಮೇಲೆ ವಾಯ್ಡ್ ಡೆಕ್ಕಿನಲ್ಲಿ ಫೋಟೊದ ಕೆಳಗೆ ಬರೆದದ್ದನ್ನು ನೋಡಿ ತಿಳಿದೆ. ಅದನ್ನು ಇಲ್ಲಿ ಬರೆಯಲು ಮನಸ್ಸಿಲ್ಲ. ಅವರು ಇದ್ದಾಗ ಬಳಸದ ಹೆಸರು ಈಗ ಯಾಕೆ?

ಅವರೂ ನನ್ನ ಹೆಸರನ್ನು ಬಳಸಲಿಲ್ಲ. “ಲಿಫ್ಟ್‌ಮ್ಯಾನ್!” ಎಂದು ಕರೆಯುತ್ತಿದ್ದರು. ನಮ್ಮಿಬ್ಬರ ಇಂಗ್ಲಿಷೂ ಹರಕು. ಅವರದು ತಿಯೋಚಿಯು ಎಂಬ ಚೀನೀ ಭಾಷೆಯ ಮೇಲೆ ನಿಂತ ಇಂಗ್ಲಿಷ್, ನನ್ನದು ಹೊಸದುರ್ಗದ ಮೇಲೆ ನಿಂತದ್ದು. ಎರಡೂ ಹೇಗೋ ಹೊಂದಿಕೊಂಡಿದ್ದವು. ಅದನ್ನೆಲ್ಲ ನಾನಿಲ್ಲಿ ನನಗೆ ತಿಳಿದ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಆಂಟಿ ತಮ್ಮ ಬಾಗಿಲ ಹೊರಗೆ ಒಂದು ಕೆಂಪು ಪ್ಲಾಸ್ಟಿಕ್ ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು. ಕೂತು ಲಿಫ್ಟು ಕೇಳುತ್ತಿದ್ದರು. ಹೌದು, ಜನ ರೇಡಿಯೊ ಕೇಳುವ ಹಾಗೆ. ಒಂದು ದಿನ ನಾನು ಕೆಲಸದಿಂದ ಬರುತ್ತಿದ್ದಂತೆ ತಡೆದರು.

“ಲಿಫ್ಟ್‌ಮ್ಯಾನ್, ನಿನ್ನ ಲಿಫ್ಟಿಗೆ ಕೆಮ್ಮು ಬಂದಿದೆ. ಆರನೇ ಮಹಡೀಲಿ ಕೆಮ್ಮುತ್ತೆ.”

“ಆಂಟಿ, ಈ ಬ್ಲಾಕಿನ ಲಿಫ್ಟು ನಮ್ಮ ಕಂಪನಿದಲ್ಲ.”

“ಡಾಕ್ಟರು ಪಕ್ಕದ ಮನೆ ರೋಗಿನ ನೋಡಲ್ವಾ? ನೋಡು ಲಾ!”

ಈ ‘ಲಾ’ ಇಲ್ಲಿ ಎಲ್ಲರ ಮಾತಿಗೂ ಇರುವ ಬಾಲ. ಹೋಗಿ ನಿಂತು ಕೇಳಿದೆ. ಆರನೆಯ ಮಹಡಿಯಲ್ಲಿ ಬಾಗಿಲಿನ ಒಂದು ಚಕ್ರ ಸವೆದಿತ್ತು. ಇಪ್ಪತ್ತು ವರ್ಷ ಅನುಭವವಿದ್ದ ನನ್ನ ಕಿವಿಗೆ ಬೀಳದ್ದು ಅವರ ಕಿವಿಗೆ ಬಿದ್ದಿತ್ತು. ಅವತ್ತಿನಿಂದ ನನಗೆ ಅವರ ಮೇಲೆ ಕಸುಬಿನ ಗೌರವ.

ಅವರು ಲಿಫ್ಟು ಕೇಳುತ್ತಿದ್ದದ್ದು ಆ ಬೂನ್ ಎಂಬವನು ಬರುವನೆಂದು. ‘ಆ’ ಕೂಡ ಹೆಸರಿನದೇ ಭಾಗ, ಸಲಿಗೆಯಿಂದ ಹಾಗೆ ಸೇರಿಸುತ್ತಾರೆ. ಆ ಬೂನ್ ತಂಜಾಂಗ್ ಪಗಾರಿನಲ್ಲಿ ಬ್ಯಾಂಕಿನ ಕೆಲಸದವನು. ಹೆಂಡತಿ, ಮಗಳ ಜೊತೆ ಸೆಂಗ್‌ಕಾಂಗಿನಲ್ಲಿ ಇದ್ದಾನೆ. ಬುಧವಾರ ಸಂಜೆ, ಭಾನುವಾರ ಮಧ್ಯಾಹ್ನ ತಪ್ಪದೆ ಬರುತ್ತಿದ್ದ. ಲಿಫ್ಟು ಒಂಬತ್ತನೆಯ ಮಹಡಿ ದಾಟುವ ಹೊತ್ತಿಗೆ ಆಂಟಿ ಎದ್ದು ಗಂಜಿ ಬಿಸಿಗಿಡುತ್ತಿದ್ದರು. ಬಾಗಿಲು ತೆರೆದು ಬಂದವನು ಬೇರೆ ಯಾರಾದರೂ ಆಗಿದ್ದದ್ದನ್ನು ನಾನು ಕಂಡಿಲ್ಲ. ಬಂದ ಕೂಡಲೇ ಬೈಗುಳ ಶುರು. “ದಪ್ಪ ಆಗಿದ್ದೀಯ. ಟೈ ನೋಡು, ನೇಣು ಹಾಕ್ಕೊಂಡ ಹಾಗಿದೆ. ಈ ಮುಖ ಇಟ್ಕೊಂಡು ಬ್ಯಾಂಕಲ್ಲಿ ಕೂತ್ರೆ ಯಾರು ಬರ್ತಾರೆ?” ಅವನು ಶೂ ಬಿಚ್ಚುತ್ತಾ, “ಸರಿ ಆ-ಸಿಮ್, ಸರಿ ಆ-ಸಿಮ್” ಎನ್ನುತ್ತಾ ಒಳಗೆ ನಡೆಯುತ್ತಿದ್ದ.

ಆ-ಸಿಮ್ ಎಂದರೇನೆಂದು ನಾನು ಕೆಲಸದಲ್ಲಿ ಜೊತೆಗಾರನನ್ನು ಕೇಳಿದೆ. ತಂದೆಯ ತಮ್ಮನ ಹೆಂಡತಿ ಎಂದ. ಹಾಗಾದರೆ ಚಿಕ್ಕಮ್ಮ. ಶಾರದೆಗೆ ಹೇಳಿದೆ. “ಪಾಪ, ಸ್ವಂತ ಮಕ್ಕಳಿಲ್ಲ ಅನ್ಸುತ್ತೆ” ಎಂದಳು. ನಾವು ಇಬ್ಬರೂ ಸೇರಿ ಆಂಟಿಯನ್ನು ಮಕ್ಕಳಿಲ್ಲದವರ ಸಾಲಿಗೆ ಸೇರಿಸಿ ಮರುಕಪಡಲು ಶುರುಮಾಡಿದೆವು. ಮರುಕ ಬಂದರೆ ನಮ್ಮ ಮನೆಯಲ್ಲಿ ಕೇಸರಿಬಾತು ಆಗುತ್ತದೆ. ಅದು ಡಬ್ಬಿಯಲ್ಲಿ ಎದುರು ಮನೆಗೆ ಹೋಗುತ್ತದೆ.

ಅಷ್ಟಕ್ಕೇ ಸುಮ್ಮನಿದ್ದರೆ ನಾನು ತಿಪ್ಪೇಶ ಹೇಗಾದೇನು? ಒಂದು ಭಾನುವಾರ ಲಿಫ್ಟಿನ ಎದುರು ಸಿಕ್ಕ ಆ ಬೂನ್‌ನನ್ನು ಕೇಳಿಯೇಬಿಟ್ಟೆ.

“ನಿಮ್ಮ ಸ್ವಂತ ತಾಯಿ ಎಲ್ಲಿದ್ದಾರೆ?”

ಅವನು ನನ್ನನ್ನು ನೋಡಿದ. ಆಮೇಲೆ ಆಂಟಿಯ ಬಾಗಿಲ ಕಡೆ ನೋಡಿದ. “ಒಳಗಿದ್ದಾರೆ” ಎಂದ.

ನನಗೆ ಅರ್ಥವಾದದ್ದು ಇಷ್ಟು: ಆ ಮನೆಯೊಳಗೆ ಇನ್ನೊಬ್ಬ ಮುದುಕಿ ಇದ್ದಾರೆ, ಹಾಸಿಗೆ ಹಿಡಿದಿದ್ದಾರೆ, ಆಂಟಿ ತಮ್ಮ ಓರಗಿತ್ತಿಯ ಸೇವೆ ಮಾಡಿಕೊಂಡಿದ್ದಾರೆ. ಎಂಥ ದೊಡ್ಡ ಮನಸ್ಸು! ಅಂದಿನಿಂದ ಶಾರದ ಎರಡು ಡಬ್ಬಿ ಕಳಿಸಲು ಶುರುಮಾಡಿದಳು. “ಇದು ನಿಮಗೆ. ಇದು ಒಳಗಿರೋ ಅಮ್ಮನಿಗೆ” ಎಂದು ನಾನು ಕೊಡುವೆ. ಮೊದಲ ಸಲ ಆಂಟಿ ಆ ಎರಡನೆಯ ಡಬ್ಬಿಯನ್ನು ಹಿಡಿದುಕೊಂಡು ತುಸು ಹೊತ್ತು ನಿಂತಿದ್ದರು. ಆಮೇಲೆ “ಕೊಡ್ತೀನಿ” ಎಂದರು. ಮರುದಿನ ಎರಡು ಡಬ್ಬಿಯನ್ನೂ ತೊಳೆದು ತಂದುಕೊಟ್ಟು, “ಅವಳಿಗೆ ತುಂಬ ಇಷ್ಟ ಆಯ್ತು” ಎಂದರು. ಹೀಗೆ ವರ್ಷಗಟ್ಟಲೆ ನಡೆಯಿತು. ಒಂದು ದಿನವೂ ಆ ಮನೆಯಿಂದ ಇನ್ನೊಂದು ಕೆಮ್ಮು, ಇನ್ನೊಂದು ನರಳಾಟ ಕೇಳಲಿಲ್ಲವಲ್ಲ ಎಂದು ನನಗೆ ಹೊಳೆಯಲಿಲ್ಲ. ಕಿವಿಯ ಬಗ್ಗೆ ನಾನು ಆಗಲೇ ಒಪ್ಪಿಕೊಂಡಿದ್ದೇನೆ.

ಸುಳಿವು ಸಿಗಲಿಲ್ಲವೆಂದಲ್ಲ. ಒಮ್ಮೆ ಆ ಬೂನ್ ಆಂಟಿಯ ಬಾಗಿಲಿನ ಕಬ್ಬಿಣದ ಗೇಟು ಎಳೆಯುವಾಗ ಬೆರಳು ಸಿಕ್ಕಿಸಿಕೊಂಡ. ಉಗುರು ಕಪ್ಪಾಗುವಷ್ಟು ಪೆಟ್ಟು. “ಆ-ಸಿಮ್!” ಎಂದು ಕೂಗಿದ ಕೂಗಿಗೆ ಎರಡು ಮಹಡಿಯವರು ಹೊರಗೆ ಬಂದರು. ನಾನು ಅರಿಸಿನ ತಂದು ಮೆತ್ತುತ್ತಾ ಮನಸ್ಸಿನಲ್ಲೇ ಅಂದುಕೊಂಡೆ: ಬೆರಳು ಜಜ್ಜಿದಾಗ ಚಿಕ್ಕಮ್ಮನನ್ನು ಕರೆಯುವ ಮನುಷ್ಯನನ್ನು ಎಲ್ಲೂ ನೋಡಿಲ್ಲವಲ್ಲ!

ನಿಜ ಗೊತ್ತಾದದ್ದು ನನ್ನ ಮರೆವಿನಿಂದ. ಒಂದು ಮಧ್ಯಾಹ್ನ ಕೆಲಸ ಬೇಗ ಮುಗಿಯಿತೆಂದು ಮನೆಗೆ ಬಂದರೆ ಜೇಬಿನಲ್ಲಿ ಬೀಗದಕೈ ಇಲ್ಲ. ಶಾರದ ಬರಲು ಇನ್ನೂ ಒಂದೂವರೆ ಗಂಟೆ. ಆಂಟಿ ಒಳಗಿನಿಂದ ಇನ್ನೊಂದು ಸ್ಟೂಲು ತಂದು ಕೂರಿಸಿ, ನನ್ನ ತೊಡೆಯ ಮೇಲೆ ಹಳೆಯ ಪೇಪರು ಹಾಸಿ, ಒಂದು ರಾಶಿ ಹೆಸರುಕಾಳಿನ ಮೊಳಕೆ ಸುರಿದರು. ಒಂದೊಂದರ ಬಾಲವನ್ನೂ ಚಿವುಟಬೇಕು.

“ಬಾಲ ಮಾತ್ರ. ತಲೆ ಕಿತ್ರೆ ನಿಂಗೆ ಊಟ ಇಲ್ಲ.”

ನಾನು ಹತ್ತು ಮುಗಿಸುವಷ್ಟರಲ್ಲಿ ಅವರದು ಐವತ್ತು. ಸ್ವಲ್ಪ ಹೊತ್ತಿಗೆ ನನ್ನ ಹೆಸರಿನ ಅರ್ಥ ಕೇಳಿದರು. ನನಗೆ ನಾಚಿಕೆ. ತಿಪ್ಪೆ ಎಂಬುದಕ್ಕೆ ಇಂಗ್ಲಿಷಿನಲ್ಲಿ ಮರ್ಯಾದೆಯ ಮಾತು ಹುಡುಕಿದೆ, ಸಿಗಲಿಲ್ಲ. ಇದ್ದದ್ದನ್ನು ಹೇಳಿದೆ. ನನಗಿಂತ ಮೊದಲು ಅವ್ವನಿಗೆ ಇಬ್ಬರು ಮಕ್ಕಳಾಗಿ, ಹೆಸರಿಡುವ ಮುಂಚೆಯೇ ಹೋಗಿದ್ದರು. ನಾನು ಹುಟ್ಟಿದಾಗ ಅಜ್ಜಿ ನನ್ನನ್ನು ಮೊರದಲ್ಲಿ ಹಾಕಿ ತಿಪ್ಪೆಯ ಮೇಲೆ ಎಳೆದಳಂತೆ. ಪಕ್ಕದ ಮನೆಯ ಮುದುಕಿ, ಇದು ಯಾರೋ ಬಿಸಾಕಿದ ಕೂಸು ಎಂದು ಎತ್ತಿಕೊಂಡಳಂತೆ. ಅವ್ವ ಒಂದು ಸೇರು ರಾಗಿ ಕೊಟ್ಟು ನನ್ನನ್ನು ಅವಳಿಂದ ಕೊಂಡಳಂತೆ. ಬಿಸಾಕಿದ್ದಕ್ಕೆ ಸಾವು ಆಸೆಪಡುವುದಿಲ್ಲ ಎಂಬ ನಂಬಿಕೆ. ಹಾಗೆ ತಿಪ್ಪೇಶ ಉಳಿದ.

ಆಂಟಿ ಮೊದಲು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಕಸದಿಂದ ಬಂದ ಲಿಫ್ಟ್‌ಮ್ಯಾನ್!” ಆಮೇಲೆ ನಗು ನಿಂತಿತು. ಕೈಯೂ ನಿಂತಿತು.

“ನಿನ್ನ ಅಮ್ಮ ಜಾಣೆ. ನಿನ್ನ ಹೆಸರು ಮಾತ್ರ ಕೊಳಕು ಮಾಡಿದ್ಲು. ತನ್ನ ಹೆಸರು ಬಿಟ್ಕೊಡಲಿಲ್ಲ.”

“ಅಂದ್ರೆ?”

“ಆ ಬೂನ್ ನನ್ನ ಮಗ.”

ನನ್ನ ತೊಡೆಯ ಮೇಲಿಂದ ಮೊಳಕೆಯೆಲ್ಲ ನೆಲಕ್ಕೆ. ಆಂಟಿ ಅದನ್ನು ಬಳಿದು ಎತ್ತುತ್ತಾ, ನನ್ನ ಮುಖ ನೋಡದೆ ಹೇಳಿದರು. ಹುಟ್ಟಿದಾಗ ಅವನು ಬೆಕ್ಕಿನ ಮರಿಯಷ್ಟಿದ್ದ. ಹಾಲು ನಿಲ್ಲುತ್ತಿರಲಿಲ್ಲ. ಎರಡು ಸಲ ಆಸ್ಪತ್ರೆಯವರು ಕೈಬಿಟ್ಟಿದ್ದರು. ಅತ್ತೆ ಒಬ್ಬ ಜಾತಕ ನೋಡುವವನ ಹತ್ತಿರ ಕರೆದುಕೊಂಡು ಹೋದಳು. ತಾಯಿಯ ಗಳಿಗೆಗೂ ಮಗನ ಗಳಿಗೆಗೂ ಕೂಡುವುದಿಲ್ಲ, ಇವನು ನಿನ್ನ ಮಗನೆಂದು ವಿಧಿಗೆ ತಿಳಿದರೆ ಉಳಿಯುವುದಿಲ್ಲ ಎಂದು ಅವನು ಹೇಳಿದ. ಬೇಕಾದರೆ ನೀನೇ ಸಾಕಿಕೊ, ‘ಮಾ’ ಎಂದು ಮಾತ್ರ ಕರೆಸಿಕೊಳ್ಳಬೇಡ ಎಂದ. ಅವರ ಕಡೆ ಇಂಥ ಮನೆಗಳು ಹಿಂದೆ ಬೇಕಾದಷ್ಟು ಇದ್ದವಂತೆ. ಗಂಡ ಬೇಗ ತೀರಿಕೊಂಡರು. ಅತ್ತೆಯೂ ಹೋದಳು. ಮಾತು ಉಳಿಯಿತು.

“ನೀವು ಅದನ್ನ ನಂಬ್ತೀರಾ ಆಂಟಿ?”

“ನಂಬಿಕೆ ಎಲ್ಲಿದೆ? ಸುಳ್ಳಾದ್ರೆ ನಂಗೇನು ಹೋಯ್ತು? ಒಂದು ಮಾತು ತಾನೇ. ನಿಜ ಆದ್ರೆ?”

ಒಂದು ಹಿಡಿ ಮೊಳಕೆ ಮುಗಿಯಿತು. ಇನ್ನೊಂದು ಹಿಡಿ ತೆಗೆದುಕೊಂಡರು.

“ಎರಡು ವರ್ಷ ಆಗಿತ್ತು ಅವನಿಗೆ. ಪಕ್ಕದ ಮನೆ ಮಗೂನ ನೋಡಿ ಕಲಿತುಬಿಟ್ಟ. ಮಾ ಅಂತ ಕರೆದ. ನಾನು ತಿರುಗಿ ನೋಡಲಿಲ್ಲ. ಮತ್ತೆ ಕರೆದ. ಅತ್ತ. ನೋಡಲಿಲ್ಲ. ಮೂರು ದಿನ. ನಾಲ್ಕನೇ ದಿನ ಆ-ಸಿಮ್ ಅಂದ. ತಿರುಗಿ ಎತ್ಕೊಂಡೆ.”

ಅಷ್ಟು ಹೇಳಿ ನನ್ನ ಪೇಪರಿನ ಮೇಲಿನ ಮೊಳಕೆಯನ್ನು ಪರೀಕ್ಷೆ ಮಾಡಿ, “ತಲೆ ಎಲ್ಲ ಕಿತ್ತಿದ್ದೀಯ ಲಾ!” ಎಂದು ಬೈದರು. ಆಮೇಲೆ ಸಣ್ಣ ದನಿಯಲ್ಲಿ, “ಒಳಗಿರೋ ಅಮ್ಮ ನಿನ್ನ ಹೆಂಡತಿ ಕೇಸರಿಬಾತ್ ತಿಂದು ದಪ್ಪ ಆಗಿದ್ದಾಳೆ. ಆದ್ರೂ ಎರಡು ಡಬ್ಬಿ ನಿಲ್ಲಿಸಬೇಡ” ಎಂದರು.

ನಾವು ನಿಲ್ಲಿಸಲಿಲ್ಲ. ಆಂಟಿಯನ್ನು ಅವರ ತಾಯಿತನದ ಹೆಸರಿನಲ್ಲಿ ವಿಚಾರಿಸಿಕೊಳ್ಳುತ್ತಿದ್ದದ್ದು ಇಡೀ ಊರಿನಲ್ಲಿ ಆ ಒಂದು ಸ್ಟೀಲ್ ಡಬ್ಬಿ ಮಾತ್ರ ಎಂದು ಶಾರದ ಹೇಳಿದಳು. ಅವಳು ಇಂಥ ಮಾತು ಆಡುವವಳಲ್ಲ.

ಅವತ್ತು ಸಂಜೆ ನಾನು ನನ್ನ ಅವ್ವನನ್ನು ತುಂಬ ನೆನೆದೆ. ಅವ್ವ ಹಿಟ್ಟಿನ ಗಿರಣಿಯಲ್ಲಿ ಕೆಲಸ ಮಾಡುತ್ತಿದ್ದಳು. ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗೆ. ಮನೆಗೆ ಬಂದು ಮುಖ ತೊಳೆದ ಮೇಲೆಯೇ ಅವಳಿಗೆ ವಯಸ್ಸಾಗಿಲ್ಲ ಎಂದು ಗೊತ್ತಾಗುತ್ತಿದ್ದದ್ದು. ಬೆಲ್ಟು ತಿರುಗುವ ಸದ್ದಿನಲ್ಲಿ ಪಕ್ಕದವರು ಕಿವಿಯ ಹತ್ತಿರ ಬಂದು ಕೂಗಿದರೂ ಕೇಳುತ್ತಿರಲಿಲ್ಲ. ಆದರೆ ನಾನು ಬಾಗಿಲಲ್ಲಿ ನಿಂತು “ಅವ್ವಾ” ಎಂದರೆ ತಿರುಗುತ್ತಿದ್ದಳು. ನಾನು ಅದನ್ನು ದಿನಕ್ಕೆ ಎಷ್ಟು ಸಲ ಖರ್ಚು ಮಾಡಿದೆ! ಅವ್ವ ಬಳಪ ಎಲ್ಲಿ, ಅವ್ವ ಹಸಿವು, ಅವ್ವ ಅವನು ಹೊಡೆದ. ಏನೂ ಇಲ್ಲದಿದ್ದಾಗಲೂ ಅವ್ವ. “ಏನ್ಲಾ?” ಎಂದರೆ “ಏನಿಲ್ಲ” ಎಂದು ಓಡಿಹೋಗುತ್ತಿದ್ದೆ. ನಾನು ಈ ಊರಿಗೆ ಬರುವ ಮುಂಚೆಯೇ ಅವಳು ಹೋದಳು. ಒಂದು ಸೇರು ರಾಗಿಯ ಸಾಲವನ್ನು ಹೀಗೆ ಬರೀ ಮಾತಿನಲ್ಲಿ ತೀರಿಸಿದೆ ಎಂದುಕೊಂಡಿದ್ದೇನೆ.

ನಿಜ ತಿಳಿದ ಮೇಲೆ ನಾನು ಎದುರು ಮನೆಯನ್ನು ನೋಡುವ ರೀತಿ ಬದಲಾಯಿತು. ಬಾರದ ದಿನಗಳಲ್ಲಿ ಆ ಬೂನ್ ಸಂಜೆ ಏಳಕ್ಕೆ ಫೋನು ಮಾಡುತ್ತಿದ್ದ. ಆಂಟಿಗೆ ಕಿವಿ ಸರಿಯಿದ್ದರೂ ಸ್ಪೀಕರು ಹಾಕಿಕೊಂಡೇ ಮಾತು.

“ಆ-ಸಿಮ್, ತಿಂದಾಯ್ತಾ?”

“ಆಯ್ತು. ನೀನು?”

“ಆಯ್ತು.”

“ಸರಿ.”

ಮುಗಿಯಿತು. ಲಿಫ್ಟಿನ ಬಾಗಿಲು ತೆರೆದು ಮುಚ್ಚುವಷ್ಟು ಹೊತ್ತೂ ಇಲ್ಲ. ಮೊದಲೆಲ್ಲ, ಇದೆಂಥ ಒಣ ಜನ ಎಂದುಕೊಂಡಿದ್ದೆ. ಈಗ ಆ ನಾಲ್ಕು ಮಾತಿನಲ್ಲಿ ಏನೇನು ತುಂಬಿದ್ದಾರೆಂದು ಕೇಳಲು ಕೂರುತ್ತಿದ್ದೆ. ಅವನ ಮಗಳು ಬಂದ ದಿನ ಮಾತ್ರ ಆಂಟಿ ಬೇರೆಯೇ ಹೆಂಗಸು. ತಂದೆಯ ತಾಯಿಗೆ ಅವರು ‘ಆ-ಮಾ’ ಎನ್ನುತ್ತಾರೆ. ಮೊಮ್ಮಗಳಿಗೆ ತಡೆಯಿಲ್ಲ. ಅವಳು ಲಿಫ್ಟಿನಿಂದ ಇಳಿದವಳೇ, “ಆ-ಮಾ! ಹಸಿವು ಲಾ, ಆ-ಮಾ!” ಎಂದು ಓಡಿಬರುತ್ತಿದ್ದಳು. ಆಂಟಿ ಬೇಕೆಂದೇ ತಡವಾಗಿ ಓಗೊಡುತ್ತಿದ್ದರು. ಇನ್ನೆರಡು ಸಲ ಕೂಗಲಿ ಎಂದು. ಹಿಂದೆ ನಿಂತ ಆ ಬೂನ್ ತನ್ನ ಶೂವಿನ ದಾರ ಬಿಚ್ಚುತ್ತಲೇ ಇರುತ್ತಿದ್ದ.

ಹೋದ ವರ್ಷ ಆಂಟಿಯ ಹೃದಯ ದಣಿಯಿತು. ಆಸ್ಪತ್ರೆ, ಮನೆ, ಮತ್ತೆ ಆಸ್ಪತ್ರೆ. ಒಂದು ಮಧ್ಯಾಹ್ನ ನಾನು ಶಾರದ ಮಾಡಿದ ರವೆಗಂಜಿ ತೆಗೆದುಕೊಂಡು ಆಸ್ಪತ್ರೆಗೆ ಹೋದಾಗ ಆ ಬೂನ್ ಮಂಚದ ಪಕ್ಕ ಕೂತು ಚಮಚದಲ್ಲಿ ಪಪ್ಪಾಯಿ ತಿನ್ನಿಸುತ್ತಿದ್ದ. ನನ್ನನ್ನು ನೋಡಿಯೂ ಅವನು ಮಾತು ನಿಲ್ಲಿಸಲಿಲ್ಲ. ತಾಯಿ ಮಗನ ನಡುವೆ ಅವರ ಭಾಷೆಯೇ ನಡೆಯುವುದು. ಆದರೆ ಅವತ್ತು ಅವನು ಇಂಗ್ಲಿಷಿನಲ್ಲಿ ಕೇಳಿದ. ಸ್ವಂತ ಭಾಷೆಯಲ್ಲಿ ಕೇಳಲು ಧೈರ್ಯವಾಗಲಿಲ್ಲವೋ ಏನೋ.

“ನಂಗೆ ನಲವತ್ತಾರು, ಆ-ಸಿಮ್. ಇನ್ನೇನು ಆಗುತ್ತೆ? ಒಂದೇ ಒಂದು ಸಲ ಕರೀಲಾ?”

ಆಂಟಿ ಅವನ ಕೈಯಿಂದ ಚಮಚ ಕಿತ್ತುಕೊಂಡು ಪಪ್ಪಾಯಿಯನ್ನು ಅವನ ಬಾಯಿಗೇ ತುರುಕಿದರು.

“ನಲವತ್ತಾರು ವರ್ಷ ಸಾಯಲಿಲ್ಲ, ಈಗ ಸಾಯಬೇಕಾ? ತಿನ್ನು.”

ಅವನು ತಿಂದ. ಆಂಟಿ ನನ್ನ ಕಡೆ ತಿರುಗಿ, “ನೋಡು ಲಿಫ್ಟ್‌ಮ್ಯಾನ್, ಬ್ಯಾಂಕಲ್ಲಿ ಎಲ್ಲರಿಗೂ ಬುದ್ಧಿ ಹೇಳ್ತಾನಂತೆ” ಎಂದರು. ಮೂವರೂ ನಕ್ಕೆವು. ಅವನ ಬಾಯಿ ತುಂಬ ಹಣ್ಣಿತ್ತು, ಕಣ್ಣು ತುಂಬಿದ್ದಕ್ಕೆ ಅದೇ ನೆಪ.

ಅದಾದ ಮೂರನೆಯ ವಾರ ಆಂಟಿ ಹೋದರು.

ವಾಯ್ಡ್ ಡೆಕ್ಕಿನಲ್ಲಿ ಮೊದಲ ದಿನವೇ ತೊಡಕು. ಶವಸಂಸ್ಕಾರದ ಏರ್ಪಾಡು ಮಾಡುವವನು ಪಟ್ಟಿ ಹಿಡಿದು ಬಂದು, ಯಾರು ಯಾರಿಗೆ ಯಾವ ಬಣ್ಣದ ಚೌಕ ಎಂದು ಕೇಳುತ್ತಿದ್ದ. ಆ ಬೂನ್ ಪೆಟ್ಟಿಗೆಯ ಹತ್ತಿರ “ಆ-ಸಿಮ್” ಎಂದು ಸಣ್ಣಗೆ ಅನ್ನುತ್ತಿದ್ದದ್ದನ್ನು ಕೇಳಿ, “ಓ, ಗಂಡನ ಅಣ್ಣನ ಮಗನಾ?” ಎಂದ. ಆ ಬೂನ್ ಕೈ ಚಾಚಿ ಕಪ್ಪು ಚೌಕ ತೆಗೆದುಕೊಂಡು ತಾನೇ ತೋಳಿಗೆ ಚುಚ್ಚಿಕೊಂಡ. ಪಿನ್ನು ಬೆರಳಿಗೂ ಚುಚ್ಚಿತು. ಈ ಸಲ ಕೂಗಲಿಲ್ಲ.

ಎರಡನೆಯ ದಿನ ಮಧ್ಯಾಹ್ನ, ಜನ ಕಡಿಮೆಯಾದಾಗ, ಅವನು ನನ್ನ ಮೇಜಿಗೆ ಬಂದು ಕೂತ. ಕಡಲೆಕಾಯಿ ಬಿಡಿಸಿ ಬಿಡಿಸಿ ತಿನ್ನದೆ ಗುಡ್ಡೆ ಹಾಕಿದ.

“ಅಂಕಲ್, ನಾಳೆ ಮಂದಾಯ್ ಚಿತಾಗಾರದಲ್ಲಿ ಪೆಟ್ಟಿಗೆ ಒಲೆ ಒಳಗೆ ಹೋಗುವಾಗ ಕೂಗಬೇಕು. ‘ಮಾ, ಬೆಂಕಿ ಬಂತು, ಓಡು’ ಅಂತ. ಮಕ್ಕಳು ಕೂಗಿದ್ರೇನೆ ಜೀವ ಪೆಟ್ಟಿಗೆ ಬಿಟ್ಟು ಓಡೋದಂತೆ. ಆ-ಸಿಮ್ ಬೇರೆ ಯಾರಿಗೂ ಈ ವಿಷಯ ಹೇಳಿಲ್ಲ, ನಿಮಗೆ ಹೇಳಿದ್ರು. ತಾನು ಹೋದ ಮೇಲೆ ಕರೀಬಹುದು ಅಂತ ಏನಾದ್ರೂ ಹೇಳಿದ್ರಾ?”

ಹೇಳಿದ್ದರು ಎನ್ನಬಹುದಿತ್ತು. ಒಂದು ಸುಳ್ಳಿನಿಂದ ಅವನಿಗೆ ನಲವತ್ತಾರು ವರ್ಷದ ಬಾಕಿ ಸಿಗುತ್ತಿತ್ತು. ನಾಲಗೆಯವರೆಗೆ ಬಂತು.

“ಇಲ್ಲ. ಏನೂ ಹೇಳಲಿಲ್ಲ” ಎಂದೆ.

ಅವನು ತಲೆಯಾಡಿಸಿದ. ಏನಾದರೂ ಆಡಬೇಕಲ್ಲ ಎಂದು ನಾನು ನನ್ನ ತಿಪ್ಪೆಯ ಕಥೆ ಹೇಳಿದೆ. ನಾನು ಮೊದಲ ಸಲ ಪಾಸ್‌ಪೋರ್ಟಿಗೆ ಅರ್ಜಿ ಹಾಕುವಾಗ ಎಲ್ಲರೂ ಹೆಸರು ಬದಲಾಯಿಸು ಎಂದಿದ್ದರು. ಗಿರೀಶ ಎಂದು ಒಂದು ಹೆಸರನ್ನೂ ಆರಿಸಿಕೊಂಡಿದ್ದೆ. ಅವ್ವ ಆಗ ಇರಲಿಲ್ಲ, ಬೇಡ ಎನ್ನುವವರು ಯಾರೂ ಇರಲಿಲ್ಲ. ಆದರೂ ಆಗಲಿಲ್ಲ.

“ಯಾಕೆ?” ಎಂದ.

“ಆ ಹೆಸರಲ್ಲಿ ಅವಳ ಕೈ ಇತ್ತು.”

ಅವನು ಬಿಡಿಸಿಟ್ಟಿದ್ದ ಕಡಲೆಕಾಯಿಯನ್ನೆಲ್ಲ ನನ್ನ ಕಡೆ ತಳ್ಳಿ ಎದ್ದುಹೋದ.

ಮರುದಿನ ಮಂದಾಯ್ ಚಿತಾಗಾರದಲ್ಲಿ ನಾವು ಗಾಜಿನ ಈಚೆ ನಿಂತೆವು. ಗಾಜಿನ ಆಚೆ ಉದ್ದನೆಯ ಒಂದು ಕೋಣೆ. ಪೆಟ್ಟಿಗೆಯನ್ನು ಒಂದು ಯಂತ್ರದ ಗಾಡಿ, ಓಡಿಸುವವರಿಲ್ಲದೆ, ತನ್ನಷ್ಟಕ್ಕೆ ಹೊತ್ತುಕೊಂಡು ಬಂತು. ಇಂಥ ಹೊತ್ತಿನಲ್ಲೂ ಕಸುಬು ಬಿಡುವುದಿಲ್ಲ ನೋಡಿ. ಅದು ಒಲೆಯ ಬಾಗಿಲ ಮುಂದೆ ಎಷ್ಟು ಸಮವಾಗಿ, ಕೂದಲೆಳೆಯಷ್ಟೂ ಕುಲುಕದೆ ನಿಂತಿತೆಂದು ನಾನು ಗಮನಿಸಿದೆ. ಆಂಟಿ ಇದ್ದಿದ್ದರೆ ಕೆಮ್ಮಿಲ್ಲ ಎನ್ನುತ್ತಿದ್ದರು.

ಏರ್ಪಾಡಿನವನು ಕೈ ಎತ್ತಿ, ಈಗ ಕರೆಯಿರಿ ಎಂದ.

ಮೊದಲು ಮೊಮ್ಮಗಳು. “ಆ-ಮಾ! ಬೆಂಕಿ! ಓಡು ಲಾ, ಆ-ಮಾ!”

ನಾನು ಆ ಬೂನ್‌ನ ಪಕ್ಕಕ್ಕೇ ಇದ್ದೆ. ಅವನ ತುಟಿಗಳು ಒಂದಕ್ಕೊಂದು ಒತ್ತಿಕೊಂಡವು. ‘ಮಾ’ ಎನ್ನಬೇಕಾದರೆ ಮೊದಲು ತುಟಿ ಮುಚ್ಚಬೇಕಲ್ಲ, ಹಾಗೆ. ಮುಚ್ಚಿದ್ದು ಮುಚ್ಚಿಯೇ ಇತ್ತು. ಒಲೆಯ ಬಾಗಿಲು ಮೇಲೆದ್ದಿತು. ಪೆಟ್ಟಿಗೆ ಸರಿಯತೊಡಗಿತು. ಹೆಂಡತಿ ಅವನ ತೋಳು ಹಿಡಿದು ಅಲುಗಿಸಿದಳು. ಅವನು ಬಾಯಿ ತೆರೆದ.

“ಆ-ಸಿಮ್! ಬೆಂಕಿ ಬಂತು, ಓಡು! ಆ-ಸಿಮ್, ಓಡು!”

ಬೆರಳು ಜಜ್ಜಿಕೊಂಡ ದಿನದ ಅದೇ ದನಿ. ಪೆಟ್ಟಿಗೆ ಒಳಗೆ ಹೋಗಿ ಬಾಗಿಲು ಇಳಿಯುವವರೆಗೂ ಕೂಗಿದ.

ನಮ್ಮ ಬ್ಲಾಕಿನ ಒಂಬತ್ತನೆಯ ಮಹಡಿಯ ಮುದುಕಿಯೊಬ್ಬರು ನನ್ನ ಹಿಂದೆ ನಿಂತಿದ್ದರು. ನನ್ನ ಅಂಗಿ ಜಗ್ಗಿ ಕೇಳಿದರು.

“ಇವನು ಮಗ ಅಲ್ವಾ?”

“ಮಗನೇ.”

“ಮತ್ತೆ ಮಾ ಅಂತ ಯಾಕೆ ಕರೀಲಿಲ್ಲ?”

“ಹಾಗೆ ಕರೆದ್ರೆ ಅವರು ತಿರುಗಿ ನೋಡಲ್ಲ” ಎಂದೆ.